ಮೊದಲ ಅತ್ತರು ಕೊಳ್ಳುವ ಮುಂಚೆ

(ಮೈಸೂರಿನಲ್ಲಿ ಒಂದು ಭಾನುವಾರ ಸಂಜೆ ಕೊಟ್ಟ ಉಪನ್ಯಾಸದ ಬರಹ ರೂಪ. ಅಡ್ಡಮಾತುಗಳನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ, ಪೂರ್ತಿ ತೆಗೆದಿಲ್ಲ.)

ಎಲ್ಲರಿಗೂ ನಮಸ್ಕಾರ.

ಬಾಗಿಲ ಹತ್ತಿರ ನಿಮಗೆ ಒಂದೊಂದು ಕಾಗದದ ಪಟ್ಟಿ ಕೊಟ್ಟಿದ್ದೇವೆ. ಈಗಲೇ ಮೂಸಬೇಡಿ ಅಂತ ಹೇಳಿದ್ದೆ. ಎಲ್ಲರೂ ಮೂಸಿದ್ದೀರಿ, ಮುಖ ನೋಡಿದರೇ ಗೊತ್ತಾಗುತ್ತಿದೆ. ಪರವಾಗಿಲ್ಲ. ಮೂರನೇ ಸಾಲಿನ ಅಮ್ಮ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಏನಮ್ಮಾ ಅದು, ಎಲ್ಲರಿಗೂ ಕೇಳುವ ಹಾಗೆ ಹೇಳಿ.

"ಕೊಟ್ಟಿಗೆ ವಾಸನೆ."

ಸರಿಯಾಗಿ ಹೇಳಿದಿರಿ. ನಾಚಿಕೊಳ್ಳುವಂಥದ್ದೇನೂ ಇಲ್ಲ. ಅದು ಅಸ್ಸಾಮಿನ ಊದ್ ಎಣ್ಣೆ. ಕೊಲ್ಲಿ ದೇಶಗಳಲ್ಲಿ ಇದಕ್ಕೆ 'ಹಿಂದಿ ಊದ್' ಅನ್ನುತ್ತಾರೆ. ಹಿಂದಿ ಅಂದರೆ ಇಲ್ಲಿ ಭಾಷೆ ಅಲ್ಲ, ಹಿಂದ್ ದೇಶದ್ದು ಅಂತ ಅರ್ಥ. ಅಲ್ಲಿನ ಹಳಬರು ಇದಕ್ಕೆ ತೊಲದ ಲೆಕ್ಕದಲ್ಲಿ ಹತ್ತಾರು ಸಾವಿರ ರೂಪಾಯಿ ಕೊಡುತ್ತಾರೆ. ನಿಮಗೆ ಕೊಟ್ಟಿಗೆ, ಅವರಿಗೆ ತಿಜೋರಿಯಲ್ಲಿ ಇಡುವ ಸರಕು. ಇಬ್ಬರ ಮೂಗೂ ಸರಿಯಾಗಿಯೇ ಇದೆ. ಈಗ ಆ ಪಟ್ಟಿಯನ್ನು ಪರ್ಸಿನಲ್ಲೋ ಜೇಬಿನಲ್ಲೋ ಇಟ್ಟುಕೊಳ್ಳಿ. ಕೊನೆಗೆ ಮತ್ತೆ ತೆಗೆಯೋಣ.

ನಾನು ಸುಗಂಧದ ವ್ಯಾಪಾರಿ ಅಲ್ಲ. ದುಬೈನ ದೇರಾದಲ್ಲಿ ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಿದ್ದೆ, ಒಂಬತ್ತು ವರ್ಷ. ಚಿನ್ನದ ಸೂಕ್‌ನಿಂದ ಸ್ವಲ್ಪ ನಡೆದರೆ ಅತ್ತರಿನ ಸೂಕ್ ಸಿಗುತ್ತದೆ, ಸೂಕ್ ಅಂದರೆ ಪೇಟೆ. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿನಲ್ಲಿ ರೂಮಿಗೆ ಹೋಗಿ ಬರುವಷ್ಟು ತ್ರಾಣ ಇರುತ್ತಿರಲಿಲ್ಲ. ಪಕ್ಕದ ಅತ್ತರಿನ ಅಂಗಡಿಯಲ್ಲಿ ಎ.ಸಿ. ಚೆನ್ನಾಗಿತ್ತು. ಅಲ್ಲಿನ ಚಾಚಾಗೆ ಮಾತಾಡುವ ಚಪಲ. ಹೀಗೆ ಶುರುವಾಯಿತು ನನ್ನ ಪಾಠ. ಅವರು ಹೋಜಾಯಿ ಕಡೆಯವರು. ಹೋಜಾಯಿ ಅಸ್ಸಾಮಿನ ಊರು, ಅಗರು ಅಂದರೆ ಊದ್ ಕೊಡುವ ಮರದ ವ್ಯಾಪಾರಕ್ಕೆ ಹೆಸರಾದದ್ದು. ಅರಬ್ ಸುಗಂಧ ಕಲಿಯಬೇಕು ಅಂತ ದುಬೈಗೆ ಹೋದರೆ ಪಾಠ ಹೇಳಿದ್ದು ಅಸ್ಸಾಮಿನವರು. ಇದು ಅಪರೂಪವೂ ಅಲ್ಲ. ಈಗ ಕೊಲ್ಲಿಯಲ್ಲಿ ಎಲ್ಲೆಲ್ಲೂ ಕಾಣುವ ಅಜ್ಮಲ್ ಕಂಪನಿ ಶುರುವಾದದ್ದು 1951ರಲ್ಲಿ. ಶುರುಮಾಡಿದ ಹಾಜಿ ಅಜ್ಮಲ್ ಅಲಿ ಅಸ್ಸಾಮಿನವರು, ಅಂಗಡಿ ಇಟ್ಟದ್ದು ಮುಂಬೈಯಲ್ಲಿ. ಆಮೇಲೆ ದುಬೈ.

ಮೊದಲು ಒಂದು ಪದ ನೋಡೋಣ. ನಮ್ಮ ಮನೆಗಳಲ್ಲಿ ದಿನಾ ಹಚ್ಚುವುದಕ್ಕೆ ಏನಂತೀರಿ? ಊದುಬತ್ತಿ. ಊದಿನಕಡ್ಡಿ. ಚಿಕ್ಕವನಿದ್ದಾಗ ನಾನು ಅದು 'ಊದುವ ಬತ್ತಿ' ಅಂದುಕೊಂಡಿದ್ದೆ. ಹಚ್ಚಿ, ಉರಿ ಬಂದ ಮೇಲೆ ಊದಿ ಆರಿಸುತ್ತೇವಲ್ಲ, ಅದಕ್ಕೆ. ಅಲ್ಲ. ಅದು ಅರಬ್ಬಿಯ 'ಊದ್'. ಊದ್ ಅಂದರೆ ಕಟ್ಟಿಗೆ, ಕಡ್ಡಿ. ಅವರ ತಂತಿವಾದ್ಯಕ್ಕೂ ಅದೇ ಹೆಸರು, ಅಗರು ಮರದ ಕಟ್ಟಿಗೆಗೂ ಅದೇ ಹೆಸರು. ಊದಿನಕಡ್ಡಿ ತಯಾರಿಸಿ ಊರೂರಿಗೆ ಕಳಿಸುವ ಮೈಸೂರಿನವರಿಗೆ ಊದ್ ಹೊಸದು ಅಂತ ನಾನು ಹೇಳಿದರೆ ತಪ್ಪಾಗುತ್ತದೆ. ಅತ್ತರು ಕೂಡ ಅವರದೇ ಪದ, 'ಇತ್ರ್'. ಹಾಗೇ ನಮ್ಮ ಕಡೆಯಿಂದ ಅಲ್ಲಿಗೆ ಹೋದವೂ ಇವೆ. ಚಂದನ ಅಲ್ಲಿ 'ಸಂದಲ್' ಆಯಿತು. ಈಗಲೂ ದೇರಾದಲ್ಲಿ 'ಸಂದಲ್ ಮೈಸೂರಿ' ಅಂದರೆ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬರುತ್ತಾನೆ. ಇದೇ ಊರಿನಲ್ಲಿ 1916ರಲ್ಲಿ ಮಹಾರಾಜರ ಸರ್ಕಾರ ಗಂಧದೆಣ್ಣೆ ಕಾರ್ಖಾನೆ ಶುರುಮಾಡಿತ್ತಲ್ಲ, ಆ ಹೆಸರಿನ ಬೆಲೆ ಇನ್ನೂ ಇಳಿದಿಲ್ಲ.

ಈಗ ಈ ಊದ್ ಅಂದರೆ ಏನು ಅಂತ ಸ್ವಲ್ಪ ನಿಂತು ನೋಡಬೇಕು. ಯಾಕೆಂದರೆ ಬಾಟಲಿಗಳ ಮೇಲೆ ಈಗ ಎಲ್ಲಿ ನೋಡಿದರೂ ಊದ್, ಊದ್, ಊದ್.

ಅಗರು ಮರ ಆರೋಗ್ಯವಾಗಿದ್ದರೆ ಅದಕ್ಕೆ ಪರಿಮಳವೇ ಇಲ್ಲ. ಬಿಳಿ, ಹಗುರ, ಸಪ್ಪೆ ಕಟ್ಟಿಗೆ. ಒಲೆಗೆ ಹಾಕಿದರೂ ಬೇಗ ಉರಿದು ಹೋಗುವಂಥದ್ದು. ಮರಕ್ಕೆ ಗಾಯವಾಗಬೇಕು. ಹುಳ ಕೊರೆಯುತ್ತದೋ, ಕೊಂಬೆ ಮುರಿಯುತ್ತದೋ, ಒಟ್ಟಿನಲ್ಲಿ ಒಳಗೆ ಬೂಷ್ಟು ಸೇರಬೇಕು. ಆಗ ಮರ ತನ್ನನ್ನು ಉಳಿಸಿಕೊಳ್ಳಲು ಒಂದು ಅಂಟು ಸುರಿಸುತ್ತದೆ. ವರ್ಷಗಟ್ಟಲೆ ಆ ಅಂಟು ಇಳಿದು ಇಳಿದು ಕಟ್ಟಿಗೆ ಕಪ್ಪಾಗುತ್ತದೆ, ಭಾರವಾಗುತ್ತದೆ. ಒಳ್ಳೆಯ ತುಂಡು ನೀರಿಗೆ ಹಾಕಿದರೆ ಮುಳುಗುತ್ತದೆ. ಅದೇ ಊದ್. ಎಲ್ಲ ಮರಕ್ಕೂ ಈ ಕಾಯಿಲೆ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಒಳಗೆ ಇದೆಯೋ ಇಲ್ಲವೋ ಹೇಳುವುದು ಕಷ್ಟ. ಅದಕ್ಕೇ ಕಾಡಿನಲ್ಲಿ ಸಿಕ್ಕ ಸಿಕ್ಕ ಮರ ಕಡಿದರು. ಕಡೆಗೆ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದಡಿ 1995ರಲ್ಲಿ ಅಸ್ಸಾಮಿನ ಜಾತಿಯ ವ್ಯಾಪಾರಕ್ಕೆ ಕಡಿವಾಣ ಬಿತ್ತು. ಆಮೇಲೆ ಉಳಿದ ಜಾತಿಗಳೂ ಆ ಪಟ್ಟಿಗೆ ಸೇರಿದವು. ಈಗ ತೋಟ ಮಾಡಿ, ಕಾಂಡಕ್ಕೆ ತೂತು ಕೊರೆದು, ಬೂಷ್ಟನ್ನು ಬೇಕೆಂತಲೇ ಸೇರಿಸುತ್ತಾರೆ. ನಮ್ಮ ಮಲೆನಾಡಿನಲ್ಲೂ ಅಡಿಕೆ ತೋಟದ ಬದಿಗೆ ಅಗರು ನೆಟ್ಟವರು ಇದ್ದಾರೆ. ನೆಟ್ಟವರು ಇಲ್ಲಿ ಯಾರಾದರೂ ಇದ್ದರೆ ಆಮೇಲೆ ಸಿಗಿ, ನನಗೇ ಕೇಳಬೇಕಾದದ್ದು ಬಹಳ ಇದೆ.

ಕೊಟ್ಟಿಗೆ ವಾಸನೆ ಎಲ್ಲಿಂದ ಬಂತು? ಚೂರು ಮಾಡಿದ ಕಟ್ಟಿಗೆಯನ್ನು ಬಟ್ಟಿ ಇಳಿಸುವ ಮುಂಚೆ ನೀರಿನಲ್ಲಿ ದಿನಗಟ್ಟಲೆ, ಕೆಲವರು ವಾರಗಟ್ಟಲೆ ನೆನೆಸುತ್ತಾರೆ. ಅದು ಹುಳಿ ಬರುತ್ತದೆ. ನಮ್ಮ ದೋಸೆ ಹಿಟ್ಟಿನ ಹಾಗೆ. ಅಸ್ಸಾಮಿನವರ ಕೈ ಇದರಲ್ಲಿ ಸ್ವಲ್ಪ ಜಾಸ್ತಿ. ಕಾಂಬೋಡಿಯಾದ ಎಣ್ಣೆ ಅಷ್ಟು ಘಾಟು ಇಲ್ಲ, ಹಣ್ಣಿನ ಸಿಹಿ ಇರುತ್ತದೆ. ಊದ್ ಅಂದರೆ ಒಂದೇ ವಾಸನೆ ಅಂದುಕೊಳ್ಳಬೇಡಿ. ಮಾವು ಅಂದರೆ ಬಾದಾಮಿಯೂ ಹೌದು, ಅಪ್ಪೆಮಿಡಿಯೂ ಹೌದು. ಹಾಗೆ.

ಈಗ ಲೆಕ್ಕ ಬರೆಯುವವನಾಗಿ ಒಂದು ಮಾತು. ತೊಲಕ್ಕೆ ಹತ್ತಾರು ಸಾವಿರದ ಎಣ್ಣೆ ಎರಡು ಸಾವಿರ ರೂಪಾಯಿಯ 100 ಮಿ.ಲೀ. ಬಾಟಲಿಯಲ್ಲಿ ಎಷ್ಟು ಇರಲು ಸಾಧ್ಯ? ನೀವೇ ಗುಣಿಸಿ ನೋಡಿ. ಆ ಬೆಲೆಯ ಬಾಟಲಿಯಲ್ಲಿರುವುದು ಪ್ರಯೋಗಾಲಯದಲ್ಲಿ ಕಟ್ಟಿದ ಊದ್. ಅದು ಮೋಸ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ಕಟ್ಟಿದ್ದರೆ ಬಹಳ ಚೆನ್ನಾಗಿರುತ್ತದೆ, ಆಫೀಸಿಗೆ ಹಾಕಿಕೊಂಡು ಹೋಗಲು ಅದೇ ವಾಸಿ. ಮೋಸ ಯಾವುದು ಅಂದರೆ, ಇನ್ನೂರು ರೂಪಾಯಿಯ ಸೀಸೆ ಹಿಡಿದು 'ಪ್ಯೂರ್ ಊದ್ ಸಾರ್, ಅಸಲಿ' ಅನ್ನುವುದು. ನಾನೂ ಬಿದ್ದಿದ್ದೇನೆ. ಮೊದಲ ಸಲ ಊರಿಗೆ ಬರುವಾಗ ಮಾವನವರಿಗೆ ಅಂತ ಒಂದು ಬೀದಿ ಅಂಗಡಿಯಲ್ಲಿ ಅಸಲಿ ಊದ್ ತಂದೆ. ಮಾವ ಸಂತೋಷದಿಂದ ಬಿಳಿ ಜುಬ್ಬಾಕ್ಕೆ ಹಚ್ಚಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಪರಿಮಳ ಹೋಗಿತ್ತು. ಕಂದು ಕಲೆ ಮಾತ್ರ ಹೋಗಲೇ ಇಲ್ಲ. ಆ ಜುಬ್ಬಾ ಈಗಲೂ ಸ್ಕೂಟರ್ ಒರೆಸುವ ಕೆಲಸದಲ್ಲಿದೆ.

ಅರಬ್ ಸುಗಂಧ ಅಂದರೆ ಊದ್ ಒಂದೇ ಅಲ್ಲ, ಬಾಟಲಿ ಒಂದೇ ಅಂತೂ ಅಲ್ಲವೇ ಅಲ್ಲ. ನಮಗೆ ಸೆಂಟು ಅಂದರೆ ಹೊರಗೆ ಹೊರಡುವಾಗ ಪುಸ್ ಪುಸ್ ಅಂತ ಹೊಡೆದುಕೊಳ್ಳುವುದು. ಅಲ್ಲಿ ಹಾಗಲ್ಲ. ಮೈಗೆ ಒಂದು, ಬಟ್ಟೆಗೆ ಒಂದು, ಮನೆಗೆ ಒಂದು. ಸ್ನಾನವಾದ ಮೇಲೆ ಮೈಗೆ ಎಣ್ಣೆ ರೂಪದ ಅತ್ತರು. ಬಟ್ಟೆಗೆ ಬಖೂರಿನ ಹೊಗೆ. ಬಖೂರ್ ಅಂದರೆ ಪರಿಮಳದ ಎಣ್ಣೆಗಳಲ್ಲಿ ನೆನೆಸಿದ ಕಟ್ಟಿಗೆಯ ಚೂರು. ಅದನ್ನು ಕೆಂಡದ ಮೇಲೆ ಹಾಕುವ ಧೂಪದಾನಿಗೆ 'ಮಬ್ಖರ' ಅನ್ನುತ್ತಾರೆ. ಇದೆಲ್ಲ ಆದ ಮೇಲೆ, ಬೇಕಾದರೆ, ಸ್ಪ್ರೇ. ಒಂದರ ಮೇಲೊಂದು ಹಾಕುವುದೇ ಅವರ ಪದ್ಧತಿ. ಒಮಾನಿನ ಗಂಡಸರ ಉದ್ದನೆಯ ಬಿಳಿ ಅಂಗಿ ನೋಡಿದ್ದೀರಾ? ಕತ್ತಿನ ಹತ್ತಿರ ಒಂದು ಸಣ್ಣ ಕುಚ್ಚು ನೇತಾಡುತ್ತಿರುತ್ತದೆ. ಅಲಂಕಾರ ಅಂದುಕೊಂಡಿದ್ದೆ. ಅದನ್ನು ಅತ್ತರಿನಲ್ಲಿ ಅದ್ದುತ್ತಾರೆ! ತಲೆ ಬಗ್ಗಿಸಿದಾಗಲೆಲ್ಲ ಪರಿಮಳ. ನನಗೆ ಆ ಕುಚ್ಚಿನ ಬಗ್ಗೆ ಇನ್ನೂ ಹೊಟ್ಟೆಕಿಚ್ಚು ಇದೆ.

ನಮ್ಮಲ್ಲೂ ಇದು ಇತ್ತಲ್ಲ. ತಲೆ ಸ್ನಾನ ಮಾಡಿದ ಹೆಂಗಸರು ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು. ಬಾಣಂತಿಗೆ, ಮಗುವಿಗೆ ಹಿಡಿಯುತ್ತಿದ್ದರು. ಸೀರೆ ಪೆಟ್ಟಿಗೆಯಲ್ಲಿ ಗಂಧದ ಚಕ್ಕೆ, ಲಾವಂಚದ ಬೇರು. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು. ಆ ಪನ್ನೀರುದಾನಿಯ ತಮ್ಮನನ್ನು ನೀವು ಅರಬ್ ಮನೆಗಳಲ್ಲಿ ನೋಡಬಹುದು. ಅದೇ ಗುಂಡು ಹೊಟ್ಟೆ, ಅದೇ ಉದ್ದ ಕತ್ತು.

ಇನ್ನು ಅಂಗಡಿಗೆ ಹೋದಾಗ ಕೇಳುವ ಹೆಸರುಗಳು. ಬೇಗ ಹೇಳಿ ಮುಗಿಸುತ್ತೇನೆ. 'ದೆಹ್ನ್ ಅಲ್ ಊದ್' ಅಂದರೆ ಊದಿನ ಎಣ್ಣೆ, ಬೇರೇನೂ ಬೆರಸದ್ದು. 'ಮುಖಲ್ಲತ್' ಅಂದರೆ ಬೆರಕೆ. ಊದ್, ಗುಲಾಬಿ, ಕೇಸರಿ, ಕಸ್ತೂರಿ, ಗಂಧ ಹೀಗೆ ಹಲವು ಸೇರಿಸಿದ್ದು. ಬೆರಕೆ ಅಂದ ಕೂಡಲೆ ಮುಖ ಸಿಂಡರಿಸಬೇಡಿ, ಇಲ್ಲಿ ಅದು ಹೊಗಳಿಕೆಯ ಮಾತು. 'ಮಸ್ಕ್ ತಹಾರ' ಅಂದರೆ ಬಿಳಿ ಕಸ್ತೂರಿ. ಹೆಸರು ಕಸ್ತೂರಿ, ಮೃಗದ್ದೇನೂ ಅಲ್ಲ. ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆಯ ವಾಸನೆ. 'ಅಂಬರ್' ಅನ್ನುವುದರಲ್ಲಿ ಗೊಂದಲ ಇದೆ. ತಿಮಿಂಗಿಲದ ಹೊಟ್ಟೆಯಿಂದ ಬರುವ 'ಅನ್ಬರ್' ಒಂದು, ಅದು ನಮಗೆ ಎಟುಕುವುದಿಲ್ಲ. ಬಾಟಲಿಯ ಮೇಲೆ ಕಾಣುವ ಅಂಬರ್ ಬೇರೆ, ಸಾಂಬ್ರಾಣಿ, ವೆನಿಲಾ ಇಂಥವನ್ನು ಕೂಡಿಸಿದ ಬೆಚ್ಚನೆಯ ಸಿಹಿ. 'ಲುಬಾನ್' ಒಮಾನಿನ ಧೋಫಾರ್ ಪ್ರದೇಶದ ಧೂಪ. ಮರದ ತೊಗಟೆ ಕೆತ್ತಿದರೆ ಹಾಲಿನ ಹಾಗೆ ಒಸರಿ ಗಟ್ಟಿಯಾಗುತ್ತದೆ. ನಮ್ಮ ಲೋಬಾನಕ್ಕೂ ಅದಕ್ಕೂ ಹೆಸರು ಒಂದೇ, ಮರ ಬೇರೆ.

ಗುಲಾಬಿಯ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳುತ್ತೇನೆ, ನನಗೆ ಪ್ರೀತಿ ಅದರ ಮೇಲೆ. ಮೆಕ್ಕಾದ ಹತ್ತಿರ ಬೆಟ್ಟದ ಮೇಲಿನ ಊರು ತಾಯಿಫ್. ಮಾರ್ಚ್ ಏಪ್ರಿಲ್‌ನಲ್ಲಿ ಕೆಲವೇ ವಾರ ಅಲ್ಲಿ ಗುಲಾಬಿ. ಬಿಸಿಲೇರುವ ಮುಂಚೆ ಕೊಯ್ದು, ಅವತ್ತೇ ಬಟ್ಟಿ ಇಳಿಸುತ್ತಾರೆ. ಕಾಬಾ ತೊಳೆಯುವಾಗಲೂ ಆ ಗುಲಾಬಿಯನ್ನೇ ಬಳಸುತ್ತಾರೆ. 2024ರಲ್ಲಿ ಯುನೆಸ್ಕೊ ಈ ಗುಲಾಬಿ ಕೃಷಿಯ ಸಂಪ್ರದಾಯವನ್ನು ತನ್ನ ಪಟ್ಟಿಗೆ ಸೇರಿಸಿತು. ಗುಲಾಬಿ ಅಂದ ಕೂಡಲೆ 'ಅದು ಹೆಂಗಸರದು' ಅಂತ ಹೇಳುವ ಗಂಡಸರು ಇಲ್ಲೂ ಇರಬಹುದು. ದೇರಾದಲ್ಲಿ ಆರಡಿ ಎತ್ತರದ, ಗಡ್ಡ ಬಿಟ್ಟ, ಮರುಭೂಮಿಯ ಬೆದುಯಿನ್ ಮುದುಕರು ಅಂಗೈ ತುಂಬ ಗುಲಾಬಿ ಸುರಿದುಕೊಂಡು ಗಡ್ಡಕ್ಕೆ ಸವರಿಕೊಳ್ಳುವುದನ್ನು ನೋಡಿದ್ದೇನೆ. ಸುಗಂಧಕ್ಕೆ ಗಂಡು ಹೆಣ್ಣು ಅಂತ ಹಂಚಿದ್ದು ಡಬ್ಬಿಯ ಮೇಲೆ ಬರೆಯುವವರು.

ಈಗ ನೀವೆಲ್ಲ ಕಾಯುತ್ತಿರುವ ವಿಷಯ. ಮೊದಲನೆಯದಾಗಿ ಯಾವುದು ಕೊಳ್ಳಲಿ?

ಯೂಟ್ಯೂಬ್ ನೋಡಿ ಬಂದವರು ಕೈ ಎತ್ತಿ. ಅರ್ಧಕ್ಕರ್ಧ! ಅಲ್ಲಿ ನಿಮಗೆ ಲತ್ತಾಫಾದ ಖಮ್ರಾ, ಅಸದ್, ಯಾರಾ ಹೆಸರು ಕೇಳಿರುತ್ತವೆ. ಅರ್ಮಾಫ್‌ನ ಕ್ಲಬ್ ದ ನುಯಿ, ಅಫ್ನಾನ್‌ನ 9 ಪಿಎಂ, ರಸಾಸಿಯ ಹವಾಸ್. ಎಲ್ಲ ಯು.ಎ.ಇ. ಕಂಪನಿಗಳು. ಕೆಟ್ಟವೇನಲ್ಲ. ದೊಡ್ಡ ಯುರೋಪಿಯನ್ ಹೆಸರುಗಳ ಬೆಲೆಯಲ್ಲಿ ಸಣ್ಣ ಪಾಲಿಗೆ ಸಿಗುತ್ತವೆ. ಕೆಲವು ಆ ದುಬಾರಿ ಬಾಟಲಿಗಳ ಪರಿಮಳವನ್ನೇ ಹೋಲುತ್ತವೆ. ಕ್ಲಬ್ ದ ನುಯಿ ಇಂಟೆನ್ಸ್ ಮ್ಯಾನ್ ಅನ್ನು ಎಲ್ಲರೂ ಹೋಲಿಸುವುದು ಕ್ರೀಡ್‌ನ ಅವೆಂಟಸ್‌ಗೆ. ಇದು ನಕಲಲ್ಲವಾ, ಸರಿಯಾ ಅಂತ ಆಗಾಗ ಜಗಳ ನಡೆಯುತ್ತಿರುತ್ತದೆ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್ ಕಿಂದಿ ಅಂತ ದೊಡ್ಡ ವಿದ್ವಾಂಸ ಇದ್ದ. ಸುಗಂಧ ತಯಾರಿಸುವ ಬಗ್ಗೆ ನೂರಕ್ಕೂ ಹೆಚ್ಚು ಪಾಕಗಳ ಪುಸ್ತಕ ಬರೆದಿದ್ದಾನೆ. ಅದರಲ್ಲಿ ದುಬಾರಿ ಸರಕಿಗೆ ಅಗ್ಗದ ಬದಲಿ ಮಾಡುವುದು ಹೇಗೆ ಅನ್ನುವ ಪಾಕಗಳೂ ಇವೆ. ಹನ್ನೊಂದು ನೂರು ವರ್ಷದ ಜಗಳ ಇದು, ಇವತ್ತು ಸಂಜೆ ಮುಗಿಯುವುದಿಲ್ಲ.

ನನ್ನ ತಕರಾರು ಬೇರೆ. ಆ ವಿಡಿಯೊಗಳಲ್ಲಿ ಎಲ್ಲರೂ ಹೇಳುವುದು 'ಎಷ್ಟು ಹೊತ್ತು ಇರುತ್ತದೆ, ಎಷ್ಟು ದೂರ ಹೋಗುತ್ತದೆ' ಅಂತ. ಹನ್ನೆರಡು ಗಂಟೆ! ರೂಮೆಲ್ಲ ತುಂಬುತ್ತೆ! ಯಾರಿಗೆ ಬೇಕು ಸ್ವಾಮಿ? ನಾನು ಹೊಸದರಲ್ಲಿ ಹಿಂದಿ ಊದನ್ನು ಕಿವಿ ಹಿಂದೆ, ಕತ್ತು, ಕೈ, ಎಲ್ಲ ಕಡೆ ಹಚ್ಚಿಕೊಂಡು ಅಂಗಡಿಗೆ ಹೋದೆ. ನಮ್ಮ ಮ್ಯಾನೇಜರ್ ಒಳಗೆ ಬಂದವರು ಎ.ಸಿ. ಹತ್ತಿರ ಹೋಗಿ ನಿಂತು ಮೇಲೆ ಕೆಳಗೆ ನೋಡಿದರು. ಒಳಗೆ ಇಲಿ ಸತ್ತಿದೆ ಅಂದುಕೊಂಡಿದ್ದರು. ಮೆಕ್ಯಾನಿಕ್‌ಗೆ ಫೋನ್ ಮಾಡುವವರೆಗೂ ನಾನು ಬಾಯಿ ಬಿಡಲಿಲ್ಲ. ಹನ್ನೆರಡು ಗಂಟೆ ಇರುವ ಗುಣ ಆವತ್ತು ನನಗೆ ಹನ್ನೆರಡು ಗಂಟೆಯ ಶಿಕ್ಷೆ ಆಯಿತು.

ಹಾಗಾಗಿ ಹೆಸರಿನಿಂದ ಶುರುಮಾಡಬೇಡಿ. ನಿಮ್ಮ ಮೂಗಿಗೆ ಮೊದಲೇ ಏನು ಇಷ್ಟ ಅಂತ ಕೇಳಿಕೊಳ್ಳಿ. ಹಬ್ಬದ ದಿನ ಅಡುಗೆಮನೆಯಿಂದ ಬೆಲ್ಲ ಏಲಕ್ಕಿ ಕುದಿಯುವ ವಾಸನೆ ಬಂದರೆ ಕೆಲಸ ಬಿಟ್ಟು ನಿಲ್ಲುವವರಾ? ಹಾಗಾದರೆ ಖಮ್ರಾ ತರಹದ್ದು ಮೂಸಿ ನೋಡಿ, ದಾಲ್ಚಿನ್ನಿ, ಖರ್ಜೂರ, ವೆನಿಲಾ ಎಲ್ಲ ಇರುವ ಸಿಹಿ ಜಾತಿ. ಒಂದೇ ಎಚ್ಚರಿಕೆ, ಇದು ಡಿಸೆಂಬರಿನ ಬೆಂಗಳೂರಿಗೆ ಸರಿ, ಮೇ ತಿಂಗಳ ಮಂಗಳೂರಿಗೆ ಅಲ್ಲ. ಸೆಕೆಯಲ್ಲಿ ಸಿಹಿ ಉಬ್ಬುತ್ತದೆ. ಬಸ್ಸಿನಲ್ಲಿ ಪಕ್ಕದವರಿಗೆ ಜಿಲೇಬಿ ಪಾಕದಲ್ಲಿ ಅದ್ದಿದ ಹಾಗೆ ಆಗುತ್ತದೆ. ಶುಭ್ರ ಬಟ್ಟೆ, ಸೋಪಿನ ವಾಸನೆ ಸಾಕು ಅನ್ನುವವರಿಗೆ ಬಿಳಿ ಕಸ್ತೂರಿ. ಮೊದಲ ಸಲ ಕೊಳ್ಳುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಯಾರ ತಲೆಯನ್ನೂ ನೋಯಿಸುವುದಿಲ್ಲ, ಬೇರೆ ಯಾವುದರ ಕೆಳಗೆ ಹಚ್ಚಿದರೂ ಜಗಳವಾಡುವುದಿಲ್ಲ. ದೇವಸ್ಥಾನದ ಗರ್ಭಗುಡಿಯ ಹತ್ತಿರ ನಿಂತಾಗ ಬರುವ ಧೂಪ, ಎಣ್ಣೆ, ಹಳೇ ಮರದ ವಾಸನೆ ಇಷ್ಟವಾದರೆ ಅಂಬರ್, ಲುಬಾನ್. ಪನ್ನೀರು ಇಷ್ಟವಿದ್ದವರು ಗುಲಾಬಿ ಇರುವ ಮುಖಲ್ಲತ್ ಕೇಳಿ, ಅದರಲ್ಲಿ ಕೇಸರಿ ಸೇರಿದ್ದರೆ ಇನ್ನೂ ಒಳ್ಳೆಯದು. ಮಲ್ಲಿಗೆ ಬೇಕು ಅನ್ನುವವರಿಗೆ ನನ್ನ ಸಲಹೆ, ಹೂವನ್ನೇ ಕೊಳ್ಳಿ. ಮೈಸೂರಿನಲ್ಲಿ ಕೂತು ಬಾಟಲಿಯ ಮಲ್ಲಿಗೆ ಯಾಕೆ?

ಊದ್? ಮೊದಲನೆಯದಾಗಿ ಬೇಡ. ಮೂರನೆಯದಾಗಿ ಇರಲಿ.

ಇನ್ನು ಪರೀಕ್ಷೆ. ಅಂಗಡಿಯಲ್ಲಿ ಪಟ್ಟಿ ಮೂಸಿ ಅಲ್ಲೇ ದುಡ್ಡು ಕೊಡುವುದು ಅಂದರೆ, ಹುಡುಗಿ ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ತಿಂದು ಆಕೆಯ ಸ್ವಭಾವ ಹೇಳಿದ ಹಾಗೆ. ಮೊದಲು ಬರುವ ವಾಸನೆ ಹತ್ತು ಹದಿನೈದು ನಿಮಿಷದ್ದು. ನಿಂಬೆ, ಹಣ್ಣು, ಜೊತೆಗೆ ಆಲ್ಕೋಹಾಲ್‌ನ ಚುರುಕು. ಕ್ಲಬ್ ದ ನುಯಿ ಹೊಡೆದ ಕೂಡಲೆ ನಿಂಬೆಹಣ್ಣು ಮೂಗಿಗೆ ಚುಚ್ಚಿ, 'ಅಯ್ಯೋ ದುಡ್ಡು ಹೋಯ್ತು' ಅಂದವರು ಎಷ್ಟೋ ಜನ. ಅದು ಆರಿದ ಮೇಲೆ ನಡುವಿನ ಹೂ, ಮಸಾಲೆ. ಕೊನೆಗೆ ತಳದಲ್ಲಿ ಕಟ್ಟಿಗೆ, ಕಸ್ತೂರಿ, ವೆನಿಲಾ. ನೀವು ದಿನವಿಡೀ ಬದುಕುವುದು ಈ ತಳದ ಜೊತೆ. ಹಾಗಾಗಿ ಎಡ ಮಣಿಕಟ್ಟಿಗೆ ಒಂದು, ಬಲಕ್ಕೆ ಒಂದು. ಎರಡಕ್ಕಿಂತ ಜಾಸ್ತಿ ಬೇಡ, ಮೂಗು ಸುಸ್ತಾಗುತ್ತದೆ. ಕೆಲವು ಅಂಗಡಿಗಳಲ್ಲಿ ಕಾಫಿ ಬೀಜದ ಬಟ್ಟಲು ಮುಂದಿಡುತ್ತಾರೆ. ನನಗಂತೂ ಅದರಿಂದ ಕಾಫಿ ಕುಡಿಯಬೇಕು ಅನ್ನಿಸಿದ್ದು ಬಿಟ್ಟರೆ ಏನೂ ಆಗಿಲ್ಲ. ಹೊರಗೆ ಬಂದು ಗಾಳಿ ಕುಡಿಯಿರಿ, ಇಲ್ಲ ನಿಮ್ಮದೇ ತೋಳಿನ ಬಟ್ಟೆ ಮೂಸಿ, ಸಾಕು. ಮಣಿಕಟ್ಟುಗಳನ್ನು ಪರಸ್ಪರ ಉಜ್ಜಬೇಡಿ, ಬಿಸಿಗೆ ಮೊದಲ ಪದರ ಬೇಗ ಹಾರಿಹೋಗುತ್ತದೆ. ಮನೆಗೆ ಹೋಗಿ. ಅಡುಗೆ ಮಾಡಿ, ಬಟ್ಟೆ ಮಡಿಸಿ, ಮಲಗಿ. ಬೆಳಿಗ್ಗೆ ಎದ್ದಾಗ ಮಣಿಕಟ್ಟು ಮೂಸಿದರೆ ಇನ್ನೂ ಇಷ್ಟವಾಗುತ್ತದಾ? ಹಾಗಾದರೆ ಅಂಗಡಿಗೆ ವಾಪಸ್ ಹೋಗಿ.

ಚಾಚಾ ಇದನ್ನು ನನಗೆ ಕಲಿಸಿದ ರೀತಿ ಬೇರೆ. ನಾನು ಮೊದಲ ಸಲ ಕೊಳ್ಳಲು ಹೋದಾಗ ಅವರು ಮಾರಲಿಲ್ಲ. ಗಾಜಿನ ಮುಚ್ಚಳದ ಕಡ್ಡಿಯನ್ನು ನನ್ನ ಮುಂಗೈಗೆ ಮುಟ್ಟಿಸಿ, ನೆತ್ತಿಯ ಮೇಲೆ ಒಂದು ಮೊಟಕು ಕೊಟ್ಟು, "ನಾಳೆ ಬಾ" ಅಂದರು. ನಾಳೆ ಹೋದೆ. ಇನ್ನೊಂದು ಮುಟ್ಟಿಸಿ "ನಾಳೆ ಬಾ" ಅಂದರು. ಆರು ದಿನ ಹೀಗೇ. ಏಳನೇ ದಿನ, "ಆರರಲ್ಲಿ ಯಾವುದರ ನೆನಪಿದೆ?" ಅಂತ ಕೇಳಿದರು. ಎರಡನೇ ದಿನದ್ದು, ಅಂದೆ. ಅದು ಕಾಲು ತೊಲ ಕೊಟ್ಟರು. ಕಾಲು ತೊಲ ಅಂದರೆ ಮೂರು ಮಿ.ಲೀ., ಕಿರುಬೆರಳಿನ ಅರ್ಧ ಇರುವ ಸೀಸೆ. ದೊಡ್ಡದು ಕೊಡಿ ಅಂದಿದ್ದಕ್ಕೆ, "ಮೊದಲು ಇದನ್ನು ಖಾಲಿ ಮಾಡು" ಅಂದರು. ಒಂಬತ್ತು ತಿಂಗಳು ಬಂತು ಅದು.

ನೀವೂ ಹಾಗೇ ಮಾಡಿ. ಮೊದಲು 100 ಮಿ.ಲೀ. ಬಾಟಲಿ ಬೇಡ. ಅತ್ತರಾದರೆ ಮೂರು ಇಲ್ಲ ಆರು ಮಿ.ಲೀ. ಸೀಸೆ, ಚೆಂಡು ಉರುಳುವ ಮೂತಿ ಇರುವಂಥದ್ದು. ಸ್ಪ್ರೇ ಆದರೆ ದೊಡ್ಡ ಬಾಟಲಿಯಿಂದ ಐದೋ ಹತ್ತೋ ಮಿ.ಲೀ. ತುಂಬಿಸಿ ಮಾರುವವರಿದ್ದಾರೆ, ಡಿಕ್ಯಾಂಟ್ ಅನ್ನುತ್ತಾರೆ. ದೇವರಾಜ ಮಾರುಕಟ್ಟೆಯ ಎಣ್ಣೆ ಅಂಗಡಿಗಳಿಗೆ ಹೋಗಿ. ಬೆಂಗಳೂರಾದರೆ ಶಿವಾಜಿನಗರದ ಕಡೆ ನಡೆಯಿರಿ. ಕರಾವಳಿಯವರಿಗೆ ನಾನು ಹೇಳುವ ಅಗತ್ಯವೇ ಇಲ್ಲ, ಭಟ್ಕಳದಲ್ಲೋ ಮಂಗಳೂರಿನಲ್ಲೋ ಕೊಲ್ಲಿಯಿಂದ ರಜೆಗೆ ಬಂದವರ ಸೂಟ್‌ಕೇಸ್ ತೆರೆದರೆ ಸಾಕು. ದೊಡ್ಡ ಬಾಟಲಿಯನ್ನೇ ಆನ್‌ಲೈನಿನಲ್ಲಿ ತರಿಸುವುದಾದರೆ ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಬಾಟಲಿಯ ತಳದ್ದು ಒಂದೇ ಇದೆಯಾ ನೋಡಿ. ಬೆಲೆ ತೀರಾ ಕಡಿಮೆ ಇದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಕೆಲವು ಪ್ರಶ್ನೆ ಬಂದಿವೆ. ಚೀಟಿ ನೋಡಿ ಹೇಳುತ್ತೇನೆ.

"ಅತ್ತರು ಮತ್ತು ಸ್ಪ್ರೇ, ಯಾವುದು ಒಳ್ಳೆಯದು?" ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ. ಧರ್ಮದ ಕಾರಣಕ್ಕೆ ಅದನ್ನೇ ಬಯಸುವವರು ಬಹಳ. ಅದು ಮೈಗೆ ಅಂಟಿಕೊಂಡು, ಹತ್ತಿರ ಬಂದವರಿಗೆ ಮಾತ್ರ ತಿಳಿಯುತ್ತದೆ. ಸ್ಪ್ರೇ ಗಾಳಿಗೆ ಹರಡುತ್ತದೆ. ಆಫೀಸು, ಬಸ್ಸು, ಕ್ಲಾಸ್‌ರೂಮ್ ಇರುವವರಿಗೆ ನನ್ನ ಮತ ಅತ್ತರಿಗೆ. ಸ್ಪ್ರೇ ಆದರೆ ಎರಡು ಸಲ ಒತ್ತಿ, ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ನಿಮಗೆ ವಾಸನೆ ಬರುವುದು ನಿಂತರೆ ಅದು ಹೋಯಿತು ಅಂತಲ್ಲ, ನಿಮ್ಮ ಮೂಗು ಒಗ್ಗಿಕೊಂಡಿದೆ ಅಂತ. ಮನೆಯವರನ್ನು ಕೇಳಿ. ಅವರು ಖಂಡಿತ ಸತ್ಯ ಹೇಳುತ್ತಾರೆ, ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ.

"ಮೈಗೆ ತುರಿಕೆ ಬರುತ್ತದಾ?" ಕೆಲವರಿಗೆ ಬರುತ್ತದೆ. ಮೊಣಕೈ ಒಳಗೆ ಒಂದು ಚುಕ್ಕೆ ಹಚ್ಚಿ ಒಂದು ದಿನ ನೋಡಿ. ಬಖೂರ್ ಹೊಗೆ ಕೂಡ ಹೊಗೆಯೇ. ಉಬ್ಬಸ ಇರುವವರು, ಎಳೆ ಮಗು ಇರುವ ಮನೆಯವರು ದಯವಿಟ್ಟು ಬಿಟ್ಟುಬಿಡಿ.

"ರೇಷ್ಮೆ ಸೀರೆಗೆ ಹಾಕಬಹುದಾ?" ಬೇಡಮ್ಮಾ. ಜುಬ್ಬಾದ ಕತೆ ಈಗ ತಾನೆ ಹೇಳಿದೆ.

"ಎಲ್ಲಿ ಇಡಬೇಕು?" ಬಚ್ಚಲುಮನೆಯಲ್ಲಿ ಅಲ್ಲ, ಕಿಟಕಿ ಹತ್ತಿರ ಅಲ್ಲ. ಡಬ್ಬಿಯೊಳಗೇ, ಬೀರುವಿನಲ್ಲಿ.

ಸರಿ, ಈಗ ಜೇಬಿನಲ್ಲಿರುವ ಪಟ್ಟಿ ತೆಗೆಯಿರಿ. ಒಂದೂವರೆ ಗಂಟೆ ಆಯಿತು. ಅಮ್ಮಾ, ನಿಮ್ಮಿಂದಲೇ ಕೇಳೋಣ. ನಿಧಾನವಾಗಿ ಮೂಸಿ. ಏನನ್ನಿಸುತ್ತದೆ?

(ಇಲ್ಲಿ ಅವರು ಎರಡು ಸಲ ಮೂಸಿದರು. ಪಕ್ಕದವರ ಪಟ್ಟಿಯನ್ನೂ ಇಸಿದುಕೊಂಡು ಮೂಸಿದರು. ಆಮೇಲೆ, "ಕೊಟ್ಟಿಗೆ ಇನ್ನೂ ಇದೆ. ಹಸು ಮಾತ್ರ ಹೊರಗೆ ಹೋಗಿದೆ" ಅಂದರು. ಚಪ್ಪಾಳೆ ಬಿದ್ದದ್ದು ಅವರಿಗೆ, ನನಗಲ್ಲ.)

ಕೊನೆಯದಾಗಿ ಈ ಮಬ್ಖರ. ಕೆಂಡ ಪೂರ್ತಿ ಬೂದಿ ಬಣ್ಣಕ್ಕೆ ಬರಬೇಕು, ಕಪ್ಪು ಇದ್ದಾಗ ಹಾಕಿದರೆ ಇದ್ದಿಲಿನ ವಾಸನೆ ಬರುತ್ತದೆ. ಇದು ಉಗುರಿನಷ್ಟು ಊದ್ ಚೂರು, ಎಣ್ಣೆಯಲ್ಲಿ ನೆನೆಸದ್ದು. ಹತ್ತಿರ ಇರುವವರು ಬಗ್ಗಿ ನೋಡಿ. ಚೂರಿನ ಅಂಚಿನಲ್ಲಿ ಅಂಟು ಕುದಿಯುತ್ತಿದೆ, ಸಣ್ಣ ಸಣ್ಣ ಗುಳ್ಳೆ. ಹೊಗೆ ದಪ್ಪ ಇಲ್ಲ, ನೂಲಿನ ಹಾಗೆ ಮೇಲೇಳುತ್ತಿದೆ. ಎಣ್ಣೆಯಲ್ಲಿದ್ದ ಕೊಟ್ಟಿಗೆ ಇದರಲ್ಲಿ ಇಲ್ಲ, ಅಲ್ವಾ? ಸೆರಗಿನಲ್ಲಿ, ಅಂಗಿಯ ತೋಳಿನಲ್ಲಿ ಹಿಡಿದುಕೊಳ್ಳಿ, ಆಮೇಲೆ ಪಕ್ಕದವರಿಗೆ ದಾಟಿಸಿ. ಕೆಳಗಿನ ತಟ್ಟೆ ಹಿಡಿಯಿರಿ, ಮೇಲೆ ಬಿಸಿ ಇದೆ.

ಅರಬರ ಮನೆಯಲ್ಲಿ ಇದು ಬರುವುದು ಊಟ, ಕಾಫಿ ಎಲ್ಲ ಆದ ಮೇಲೆ. 'ಮಾ ಬಅದ್ ಅಲ್ ಊದ್ ಗುಊದ್' ಅಂತ ಒಂದು ಮಾತಿದೆ. ಊದ್ ಬಂದ ಮೇಲೆ ಕೂರುವಂತಿಲ್ಲ. ನಮ್ಮಲ್ಲಿ ತಾಂಬೂಲ ಕೊಟ್ಟರೆ ಎದ್ದು ಹೊರಡುತ್ತೇವಲ್ಲ, ಹಾಗೆ. ಅತಿಥಿಗೆ ಹೋಗು ಅಂತ ಹೇಳುವ ಹಾಗಿಲ್ಲ, ಹೊಗೆ ಕೊಟ್ಟರೆ ಆಯಿತು. ನಾನೂ ಅದಕ್ಕೇ ಇದನ್ನು ಕೊನೆಗೆ ಇಟ್ಟುಕೊಂಡೆ.

(ಯಾರೂ ಏಳಲಿಲ್ಲ. ಮಬ್ಖರ ಐದನೇ ಸಾಲಿಗೆ ಹೋಗುವಷ್ಟರಲ್ಲಿ ಸಭಾಂಗಣದ ಕಾವಲುಗಾರರು ಬಾಗಿಲು ಸರಿಸಿ ಇಣುಕಿದರು. ಎರಡು ಸಲ ಉಸಿರೆಳೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮೆಲ್ಲಗೆ ಕೇಳಿದರು: "ಪೂಜೆ ಮುಗೀತಾ ಸಾರ್? ಬೀಗ ಹಾಕಬೇಕಿತ್ತು.")